ಯಾವ ಊರಿನ ಧೂಳು

ಕಳಸದ ಪೇಟೆಬೀದಿಯಲ್ಲಿ ಮಲ್ಲಿಕಾರ್ಜುನಪ್ಪನ ಕಾಳುಮೆಣಸಿನ ಅಂಗಡಿಗೆ ಹೋಗುವವರು ಒಂದು ಪ್ರಶ್ನೆಗೆ ತಯಾರಾಗಿಯೇ ಹೋಗಬೇಕು. ಬನ್ನಿ, ಕೂರಿ ಎನ್ನುವ ಮೊದಲೇ ಆ ಮನುಷ್ಯ “ಇದು ಯಾವ ಊರಿಂದು?” ಎಂದು ಕೇಳಿಬಿಡುತ್ತಾನೆ. ನೀವು ಮೆಣಸಿನ ಚೀಲ ತಂದಿದ್ದರೆ ಕೇಳಲಿ, ಅದು ಅವನ ವ್ಯಾಪಾರ. ಆದರೆ ನಿಮ್ಮ ಕೈಯಲ್ಲಿರುವ ಕೊಡೆಯನ್ನೂ ಅವನು ಬಿಡುವುದಿಲ್ಲ, ಕಾಲಲ್ಲಿರುವ ಚಪ್ಪಲಿಯನ್ನೂ ಬಿಡುವುದಿಲ್ಲ. ತಮ್ಮನ ಮಗನಿಗೆ ಹೆಣ್ಣು ನೋಡಲು ಹೋದಾಗ ತಟ್ಟೆಯಲ್ಲಿಟ್ಟ ಚಕ್ಕುಲಿ ಮುರಿದು, “ಎಣ್ಣೆ ಯಾವ ಕಡೇದು?” ಎಂದು ಹುಡುಗಿಯ ತಾಯಿಯನ್ನು ಕೇಳಿ, ಎಲ್ಲರ ಎದುರಿಗೆ ಹೆಂಡತಿಯಿಂದ ತಿವಿಸಿಕೊಂಡ ಗಿರಾಕಿ ಇವನು.

ಹಾಗೆಂದು ಅವನನ್ನು ನೋಡಿ ಸುಮ್ಮನೆ ನಗುವ ಹಾಗಿಲ್ಲ. ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದನೆಂದರೆ ಆ ಮೆಣಸು ತನ್ನ ಊರನ್ನು ತಾನೇ ಹೇಳಬೇಕು. ಇದು ಬಾಳೂರು ಕಡೆಯದು, ಕೊಯ್ಲಿನಲ್ಲಿ ಮಳೆ ಸಿಕ್ಕಿದೆ. ಇದು ಹೊಳೆಯಾಚೆಯದು, ಸಿಮೆಂಟು ಕಣದಲ್ಲಿ ಒಣಗಿದೆ. ಅಗ್ಗದ ಪರದೇಶದ ಮೆಣಸನ್ನು ನಮ್ಮ ಮೆಣಸಿನ ಜೊತೆ ಬೆರೆಸಿ ಮಾರುವವರ ಕಾಟ ಶುರುವಾದ ಮೇಲೆ ಅವನ ಮೂಗಿಗೆ ಬೆಲೆ ಇನ್ನೂ ಹೆಚ್ಚಿತು. ದೊಡ್ಡ ವ್ಯಾಪಾರಿಗಳೂ ಸ್ಯಾಂಪಲ್ ಹಿಡಿದುಕೊಂಡು ಬಂದು ಅವನ ಮುಖ ನೋಡುತ್ತ ನಿಲ್ಲುತ್ತಿದ್ದರು. ಊರು ಗೊತ್ತಿಲ್ಲದ ಮಾಲನ್ನು ಮನೆಯೊಳಗೆ ಬಿಡಬಾರದು ಎಂಬುದು ಅವನ ಅಪ್ಪನ ಕಾಲದಿಂದ ಬಂದ ಶಿಸ್ತು.

ಮೂಗು ಹೀಗೆ ಚುರುಕು, ಮನಸ್ಸು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಕೂತರೆ ಏಳಬೇಕು, ಎದ್ದರೆ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರಬೇಕು, ಬಂದರೆ ಮೊಬೈಲಿನಲ್ಲಿ ರೇಟು ನೋಡಬೇಕು. ರೇಟು ನೋಡಿ ಏನು ಮಾಡುತ್ತಾನೆ? ಏನೂ ಇಲ್ಲ. ನಾಳೆ ಏರಬಹುದು ಎನ್ನುತ್ತಾನೆ. ಏರಿದರೆ ಇನ್ನೂ ಏರಬಹುದು, ಇಳಿದರೆ ಮತ್ತೆ ಏರಲಿ. ಹೀಗೆ ಏರಲಿ ಏರಲಿ ಎಂದು ಕಾದು ಕಾದು, ಬಾಳೂರಿನ ಒಂದು ಎಸ್ಟೇಟಿನಿಂದ ಕೊಂಡ ಒಂದು ಲಾಟು ಮೆಣಸು ವರ್ಷಗಳಿಂದ ಅವನ ಮನೆಯ ಅಟ್ಟದಲ್ಲೇ ಕೂತಿತ್ತು. ಅಂಗಡಿಯ ಹಿಂದೆಯೇ ಮನೆ. ಪಕ್ಕದ ಅಡುಗೆಮನೆಯ ಬಿಸಿ ತಾಗಿ ಮಾಲು ಬೆಚ್ಚಗಿರಲಿ ಎಂದು ನಡುಮನೆ ಮತ್ತು ಮಲಗುವ ಕೋಣೆಯ ಮೇಲಿನ ಹಲಗೆ ಅಟ್ಟದಲ್ಲಿ ಚೀಲ ಪೇರಿಸುವುದು ಆ ಮನೆಯ ಹಳೆಯ ಪದ್ಧತಿ. ಆ ಲಾಟು ಕೊಂಡ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು, ಬಿಸಿಲು ಕಾಣದೆ, ಎಸ್ಟೇಟಿನವರು ಮೆಣಸನ್ನು ಹೊಗೆ ಹಾಕಿ ಒಣಗಿಸಿದ್ದರು. ಹೊಗೆವಾಸನೆಯ ಮಾಲೆಂದು ಬೇರೆ ಯಾರೂ ಮುಟ್ಟದೆ ಅದು ಇವನ ಪಾಲಿಗೆ ಬಂದಿತ್ತು.

ಅವನ ಹೆಂಡತಿ ಸರ್ವಮಂಗಳಾಳಿಗೆ ಉಬ್ಬಸ. ಮೊದಲು ಬರೀ ಸೀನು, ಆಮೇಲೆ ಕೆಮ್ಮು, ಈಗೆರಡು ವರ್ಷದಿಂದ ಉಸಿರೆಳೆದರೆ ಎದೆಯೊಳಗೆ ಸಣ್ಣಗೆ ಶಿಳ್ಳೆ. ಗುಡಿಸಿದ ದಿನ ಶಿಳ್ಳೆ ಜಾಸ್ತಿ. ಗುಡಿಸದೆ ಇರೋಣವೆಂದರೆ ಅವಳ ಜೀವ ಕೇಳುವುದಿಲ್ಲ. ನೆಲದ ಮೇಲೆ ಒಂದು ಹರಳು ಕಂಡರೂ ಅವಳಿಗೆ ಅನ್ನ ಸೇರದು. ದಸರಾ ಕಳೆದ ಮೇಲೆ ಒಮ್ಮೆ ಹಾಸಿಗೆಯಲ್ಲಿ ಮಲಗಲಿಕ್ಕೇ ಆಗದೆ ಗೋಡೆಗೆ ಒರಗಿ ಕೂತು ಬೆಳಗು ಮಾಡಿದಳು. ಮೂಡಿಗೆರೆಯ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಇವಳಿಗೆ ಧೂಳು ಆಗುವುದಿಲ್ಲ, ಪೊರಕೆ ಹಿಡಿಯುವುದನ್ನು ಬಿಡಿಸಿ, ಊದುಬತ್ತಿ ನಿಲ್ಲಿಸಿ, ಸಾಧ್ಯವಾದರೆ ಒಂದು ವ್ಯಾಕ್ಯೂಮ್ ಕ್ಲೀನರ್ ತಗೊಳ್ಳಿ ಎಂದರು. ಮನೆಯಲ್ಲಿ ಧೂಳಾಗುವಂಥದ್ದು ಏನಾದರೂ ಇದೆಯಾ ಎಂದೂ ಕೇಳಿದರು.

“ಏನೂ ಇಲ್ಲ ಡಾಕ್ಟ್ರೇ. ನಮ್ಮನೆ ಕನ್ನಡಿ ಇದ್ದಂಗಿದೆ,” ಎಂದ ಮಲ್ಲಿಕಾರ್ಜುನಪ್ಪ, ಎದೆಯುಬ್ಬಿಸಿ. ಸರ್ವಮಂಗಳಾ ಅವನ ಮುಖವನ್ನೊಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು.

ಚಿಕ್ಕಮಗಳೂರಿನ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ತನುಜಾ ಅವತ್ತೇ ಫೋನು ಮಾಡಿ ಕಡ್ಡಿ ಮುರಿದಂತೆ ಹೇಳಿದಳು: “ಅಪ್ಪಾಜಿ, ಇನ್ನೊಂದ್ಸಲ ಅಮ್ಮಂಗೆ ಹಿಂಗಾದ್ರೆ ನಾನು ಕರ್ಕೊಂಡು ಬಂದ್ಬಿಡ್ತೀನಿ. ಆಮೇಲೆ ಕಳ್ಸಲ್ಲ.” ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದರೆ ಬಿಸಿ ರೊಟ್ಟಿಗಿಂತ ಮೊದಲು ಹೆಂಡತಿಯ ಬೈಗುಳ ಬೇಕು ಮಲ್ಲಿಕಾರ್ಜುನಪ್ಪನಿಗೆ. ಮನೆಯಲ್ಲಿ ಅವಳಿಲ್ಲದ ದಿನ ಅವನು ಅಂಗಡಿಯ ಬಾಗಿಲು ತೆಗೆದದ್ದೇ ಇಲ್ಲ. ಅವಳು ಹೋದರೆ ತನ್ನ ಗತಿಯೇನು ಎಂದು ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಊದುಬತ್ತಿ ಅಂದಿನಿಂದಲೇ ನಿಂತಿತು. ನೆಲ ಒರೆಸುವುದಕ್ಕೆ ಒಳ್ಳೆಯ ಮಾಲು ಹುಡುಕುತ್ತೇನೆಂದು ಹೊರಟ. ಮೊದಲು ಅಂಗಡಿಯಲ್ಲಿ ಸಿಗುವ ನಿಂಬೆವಾಸನೆಯ ಬಾಟಲಿ ತಂದ. ಹಿಂದೆ ತಿರುಗಿಸಿ ಓದಿದರೆ ತಯಾರಾದ ಊರು ಉತ್ತರದ ಬೆಟ್ಟಗಳಲ್ಲೆಲ್ಲೋ. ಅಷ್ಟು ದೂರದ ನಿಂಬೆ ನಮ್ಮ ನೆಲಕ್ಕೆ ಯಾಕೆ ಎಂದು ಅದನ್ನು ಬಚ್ಚಲಿಗೆ ಸುರಿದ. ಆಮೇಲೆ ಬಾಳೂರಿನ ಹೆಂಗಸರ ಸಂಘದವರು ಕ್ಯಾನಿನಲ್ಲಿ ಮಾರುವ ಬಿಳಿ ಫಿನಾಯಿಲ್ ತಂದ. ತಯಾರು ಮಾಡಿದವರ ಮನೆ ಹೆಸರು ಸಹಿತ ಅವನಿಗೆ ಗೊತ್ತು, ಇನ್ನೇನು ಬೇಕು? ಊರು ಒಳ್ಳೆಯದೇ, ಘಾಟು ಮಾತ್ರ ಮನೆ ತುಂಬ ನಿಂತು ಸರ್ವಮಂಗಳಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಕೊನೆಗೆ ಅಂಟುವಾಳ ಕಾಯಿ ಬೇಯಿಸಿದ ನೀರು. ಅದರಲ್ಲಿ ಒರೆಸಿದ ನೆಲದ ಮೇಲೆ ಸ್ವತಃ ಮಲ್ಲಿಕಾರ್ಜುನಪ್ಪನೇ ಜಾರಿ ಬಿದ್ದು, ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡಿದ.

“ನಿಮ್ಮ ಕೈಗೆ ಕೊಟ್ರೆ ನನ್ನ ಉಸಿರಿಗಿಂತ ಮೊದಲು ನಿಮ್ಮ ಸೊಂಟ ಹೋಗುತ್ತೆ. ಮಷಿನ್ ತಗೊಂಡು ಬನ್ನಿ ಸುಮ್ನೆ,” ಎಂದಳು ಸರ್ವಮಂಗಳಾ.

ಸುಮ್ಮನೆ ತಗೊಂಡು ಬರುವ ಜಾತಿಯೇ ಇವನದು? ಬೆಳಗಿನ ಬಸ್ಸು ಹತ್ತಿ, ತಿರುವು ತಿರುವಿನಲ್ಲೂ ಮೊಬೈಲಿನಲ್ಲಿ ಮಷಿನ್‌ಗಳ ಮೇಲೆ ಜನ ಬರೆದ ಹೊಗಳಿಕೆ ತೆಗಳಿಕೆ ಓದುತ್ತ, ಹೊಟ್ಟೆ ತೊಳಸಿಕೊಂಡು ಚಿಕ್ಕಮಗಳೂರಿಗೆ ಬಂದಿಳಿದ. ಅಲ್ಲಿ ಯೋಗೇಶ್ ಎಂಬವನ ಗೃಹೋಪಯೋಗಿ ಸಾಮಾನಿನ ಅಂಗಡಿ. ಯೋಗೇಶ್ ತಾಳ್ಮೆಯ ಮನುಷ್ಯ, ಪಾಪ. ಒಂದು ಕೆಂಪು ಮಷಿನ್ ತೆಗೆದು ಮುಂದಿಟ್ಟ.

“ಇದು ಯಾವ ಊರಿಂದು?”

“ಕಂಪನಿ ಇಂಡಿಯಾದ್ದೇ ಸಾರ್.”

“ಕಂಪನಿ ಇಲ್ಲೀದು, ಸರಿ. ಮೋಟ್ರು?”

ಯೋಗೇಶ್ ಪೆಟ್ಟಿಗೆ ತಿರುಗಿಸಿ ನೋಡಿದ. “ಮೋಟ್ರು ಚೀನಾದ್ದು ಬರುತ್ತೆ ಸಾರ್. ಜೋಡ್ಸೋದು ಪುಣೆ ಹತ್ರ ಅಂತ ಬರ್ದಿದೆ.”

“ಪೈಪು?”

“ಪೈಪು ಇಲ್ಲೇ ಎಲ್ಲೋ ಮಾಡ್ತಾರೆ.”

“ಎಲ್ಲೋ ಅಂದ್ರೆ ಎಲ್ಲಿ ಮಾರಾಯ? ಒಟ್ನಲ್ಲಿ ಇದು ಮಿಕ್ಸ್ ಮಾಲು.”

ಯೋಗೇಶ್ ನಗುತ್ತ ಇನ್ನೊಂದನ್ನಿಟ್ಟ. ಅದರ ಹೆಸರು ಜರ್ಮನಿಯದು, ಹುಟ್ಟಿದ್ದು ಮಲೇಶಿಯಾದಲ್ಲಿ. ಮತ್ತೊಂದಕ್ಕೆ ನೀರಿನ ಫಿಲ್ಟರು, ಅದರ ಪ್ಲಾಸ್ಟಿಕ್ಕಿನ ವಾಸನೆ ಇವನಿಗೆ ಹಿಡಿಸಲಿಲ್ಲ. ಇನ್ನೊಂದಕ್ಕೆ ಚೀಲ ಬದಲಿಸುತ್ತಿರಬೇಕು, ಆ ಚೀಲ ಕಳಸದಲ್ಲಿ ಯಾರು ಕೊಡುತ್ತಾರೆ? ನಮ್ಮ ಕಡೆಯ ಕರೆಂಟಿಗೆ ಯಾವುದು ತಾಳುತ್ತದೆ, ಸದ್ದು ಎಷ್ಟು, ಕೆಟ್ಟರೆ ರಿಪೇರಿಗೆ ಯಾವ ಊರಿಗೆ ಹೊರಬೇಕು ಎಂದು ಮಧ್ಯಾಹ್ನದ ತನಕ ಕೇಳಿದ. ಕೊನೆಗೆ ಯೋಗೇಶ್ ಮಷಿನ್‌ಗಳನ್ನೆಲ್ಲ ಒಂದು ಬದಿಗೆ ಸರಿಸಿ ಕೇಳಿದ: “ಸಾರ್, ಅದೆಲ್ಲ ಇರ್ಲಿ. ನಿಮ್ಮನೇಲಿ ಇರೋ ಧೂಳು ಎಂಥದ್ದು ಹೇಳಿ. ನುಣ್ಣಗಿನ ಧೂಳಾದ್ರೆ ಫಿಲ್ಟರ್ ಒಳ್ಳೇದಿರ್ಬೇಕು. ಕೂದ್ಲು ಗೀದ್ಲು ಆದ್ರೆ ಬೇರೆ ತರದ್ದು.”

“ಧೂಳು ಅಂದ್ರೆ ಧೂಳು ಮಾರಾಯ. ರೋಡಿಂದು ಬರುತ್ತೆ,” ಎಂದು ಮಲ್ಲಿಕಾರ್ಜುನಪ್ಪ ಕೈಯಾಡಿಸಿಬಿಟ್ಟ. ಜಗತ್ತಿನ ಮೋಟಾರುಗಳ ಜಾತಕವನ್ನೆಲ್ಲ ಜಾಲಾಡಿದವನು ಈ ಒಂದು ಪ್ರಶ್ನೆಗೆ ಅರೆಗಳಿಗೆ ಕೊಡಲಿಲ್ಲ. ಬರಿಗೈಯಲ್ಲಿ ಸಂಜೆ ಬಸ್ಸು ಹತ್ತಿದ.

ಆಮೇಲೆ ಶುರುವಾಯಿತು ನೋಡಿ ಮೊಬೈಲಿನ ಹುಚ್ಚು. ಒಂದು ಮಷಿನ್ ಆರ್ಡರ್ ಮಾಡುವುದು, ಕೆಳಗೆ ಸಣ್ಣಕ್ಷರದಲ್ಲಿ ‘ಮೂಲ ದೇಶ’ ಎಂದು ಬರೆದದ್ದನ್ನು ಕನ್ನಡಕ ಏರಿಸಿ ಓದುವುದು, ರದ್ದು ಮಾಡುವುದು. ಮಾರನೇ ದಿನ ಅದೇ ಮಷಿನ್ ಮತ್ತೆ ಆರ್ಡರ್. ಡೆಲಿವರಿಯವನು ಕೊಪ್ಪದ ತನಕ ಬಂದ ಪೆಟ್ಟಿಗೆಯನ್ನು ಇವನ ಕಾಟಕ್ಕೆ ವಾಪಸ್ ಕಳಿಸಿದ್ದೂ ಆಯಿತು. ದೀಪಾವಳಿ ಬಂತು, ಹೋಯಿತು. ಡಾಕ್ಟರ ಮಾತು ಗಾಳಿಗೆ ಬಿಟ್ಟು ಸರ್ವಮಂಗಳಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದೇ ಪೊರಕೆಯಲ್ಲಿ ಗುಡಿಸುತ್ತಲೇ ಇದ್ದಳು. ಬೇರೆ ಯಾರು ಗುಡಿಸುತ್ತಾರೆ? ಗಂಡನಿಗಂತೂ ಪೊರಕೆಯ ಯಾವ ತುದಿ ಹಿಡಿಯಬೇಕೆಂದೂ ಗೊತ್ತಿರಲಿಲ್ಲ.

ಒಂದು ಸಂತೆಯ ದಿನ. ಅಂಗಡಿಯಲ್ಲಿ ಜನ. ಮಲ್ಲಿಕಾರ್ಜುನಪ್ಪ ಒಬ್ಬನ ಮೆಣಸನ್ನು ಅಂಗೈಯಲ್ಲಿ ಉಜ್ಜುತ್ತ, ಇದು ನಿನ್ನ ತೋಟದ್ದಲ್ಲ ಎಂದು ವಾದಕ್ಕೆ ನಿಂತಿದ್ದ. ಒಳಗೆ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಸರ್ವಮಂಗಳಾ ಮಲಗುವ ಕೋಣೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ, ಕಾಲ ಬಳಿ ಪೊರಕೆ, ತುಟಿ ಕಪ್ಪಿಟ್ಟಿದೆ, ಮಾತು ಹೊರಡುತ್ತಿಲ್ಲ. ಅವನು ಅಂಗೈಯಲ್ಲಿ ಮೆಣಸು ಹಿಡಿದುಕೊಂಡೇ ಕೂಗಿಕೊಂಡ. ಸಂತೆಗೆ ಬಂದಿದ್ದವರೇ ಜೀಪು ನಿಲ್ಲಿಸಿ ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದರು. ಮುಖಕ್ಕೆ ಮಾಸ್ಕು ಕಟ್ಟಿ ಔಷಧಿಯ ಹಬೆ ಕೊಡುವಾಗ ಇವನು ಮಂಚದ ಕಾಲ ಬಳಿ ಕೂತು, ಎದ್ದು, ಮತ್ತೆ ಕೂತು, ಹೊರಗೆ ಹೋಗಿ, ಒಳಗೆ ಬಂದು, ನರ್ಸಮ್ಮನಿಂದ ಬೈಸಿಕೊಂಡ.

ಸಂಜೆಗೆ ತನುಜಾ ಕಾರು ಮಾಡಿಕೊಂಡು ಬಂದಳು. ಅಮ್ಮನ ಕೈ ಹಿಡಿದುಕೊಂಡೇ ಅಪ್ಪನ ಕಡೆ ತಿರುಗಿದಳು.

“ಮಷಿನ್ ತಂದ್ರಾ ಅಪ್ಪಾಜಿ?”

“ನೋಡ್ತಾ ಇದೀನಿ ಕಣಮ್ಮ. ಸರಿಯಾದ್ದು ಸಿಗ್ತಾ ಇಲ್ಲ.”

“ನೀವು ನೋಡ್ತಾನೇ ಇರಿ. ನಾಳೆ ಡಾಕ್ಟ್ರು ಬಿಟ್ಟ ತಕ್ಷಣ ಅಮ್ಮನ್ನ ಕರ್ಕೊಂಡು ಹೋಗ್ತೀನಿ.”

ಅವನು ಸರ್ವಮಂಗಳಾಳ ಮುಖ ನೋಡಿದ, ಇವಳಾದರೂ ಬೇಡ ಎನ್ನಲಿ ಎಂದು. ಅವಳು ಕಣ್ಣು ಮುಚ್ಚಿಕೊಂಡಳು.

ಮರುದಿನ ಬಟ್ಟೆಬರೆ ತೆಗೆದುಕೊಳ್ಳಲಿಕ್ಕೆ ಮೂವರೂ ಮನೆಗೆ ಬಂದರು. ಸರ್ವಮಂಗಳಾಳನ್ನು ಅಂಗಡಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂರಿಸಿ, ತನುಜಾ ಕಾರಿನಿಂದ ಒಂದು ಪೆಟ್ಟಿಗೆ ಇಳಿಸಿದಳು. ಯೋಗೇಶನ ಅಂಗಡಿಯದೇ ಮಷಿನ್. ಹಿಂದಿನ ದಿನ ಬರುವಾಗಲೇ ಮಗಳು ನಿಂತ ಕಾಲಲ್ಲಿ ಕೊಂಡು ತಂದಿದ್ದಳು. ಮಲ್ಲಿಕಾರ್ಜುನಪ್ಪನ ಕೈ ತಾನಾಗಿ ಮಷಿನ್‌ನ ಹೊಟ್ಟೆಯಡಿ ಚೀಟಿ ಹುಡುಕುತ್ತ ಹೋಯಿತು.

“ಇದು ಯಾವ...”

“ಅಪ್ಪಾಜಿ,” ಎಂದಳು ತನುಜಾ. ಅಷ್ಟೇ ಎಂದದ್ದು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಅಮ್ಮನ ಬಟ್ಟೆ ತೆಗೆಯುವ ಮೊದಲು ಆ ಕೋಣೆಯ ಧೂಳು ಹೋಗಲಿ ಎಂದು ತನುಜಾ ಮಷಿನ್ ಹಾಕಿದಳು. ಕಪಾಟಿನ ತಲೆ, ಕಿಟಕಿಯ ಅಂಚು, ಹಲಗೆಯ ಸಂದು, ಮಂಚದಡಿ. ಮಷಿನ್‌ನ ಎದೆಗೆ ಗಾಜಿನಂಥ ಒಂದು ಡಬ್ಬಿ, ಎಳೆದದ್ದೆಲ್ಲ ಅದರೊಳಗೆ ಸುತ್ತುವುದು ಹೊರಗೆ ಕಾಣುತ್ತದೆ. ಕನ್ನಡಿಯಂಥ ಮನೆ ಎಂದಿದ್ದನಲ್ಲ, ನೋಡುನೋಡುತ್ತಿದ್ದಂತೆ ಡಬ್ಬಿ ಅರ್ಧ ತುಂಬಿತು. ರಸ್ತೆಯ ಧೂಳಾದರೆ ನಮ್ಮ ಕಡೆ ಕೆಂಪಗಿರಬೇಕು. ಇದು ಕಪ್ಪಗಿತ್ತು, ಗೋಣಿನಾರು ಬೆರೆತಿತ್ತು. ತನುಜಾ ಮಷಿನ್ ನಿಲ್ಲಿಸಿ ಡಬ್ಬಿಯನ್ನು ಹೊರಗೆ ಕೊಡವಲು ಹೊರಟಳು. ಮಲ್ಲಿಕಾರ್ಜುನಪ್ಪ ಅಡ್ಡ ಬಂದು ಅಂಗೈ ಒಡ್ಡಿದ.

ಚಿಟಿಕೆ ಧೂಳು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದ. ಮೊದಲು ಗೋಣಿಯ ಮುಗ್ಗಲು. ಅದರ ಹಿಂದಿನಿಂದ ಮೆಣಸಿನ ಖಾರ. ಖಾರದ ಹಿಂದಿನಿಂದ, ತೆಳ್ಳಗೆ, ಹೊಗೆ. ಕೇಳಬೇಕಾದ ಪ್ರಶ್ನೆ ಬಾಯಿಗೆ ಬರಲೇ ಇಲ್ಲ, ಉತ್ತರ ಮೊದಲೇ ಬಂದುಬಿಟ್ಟಿತು. ಬಾಳೂರು. ಮಳೆ ಸಿಕ್ಕ ವರ್ಷದ್ದು. ಇಡೀ ಕಳಸದಲ್ಲಿ ಇಂಥ ಮಾಲು ಇರುವುದು ಒಂದೇ ಕಡೆ. ಅವನು ತಲೆಯೆತ್ತಿ, ಹೆಂಡತಿ ಇಷ್ಟು ವರ್ಷ ಅಂಗಾತ ಮಲಗಿ ನೋಡುತ್ತಿದ್ದ ಆ ಹಲಗೆಗಳನ್ನು ನೋಡಿದ. ಒಂದು ಸಂದಿನಿಂದ ಅವನ ಕನ್ನಡಕದ ಮೇಲೆ ಸಣ್ಣಗೆ ಪುಡಿ ಉದುರಿತು.

ಅಂಗೈ ಮುಚ್ಚದೆಯೇ ಕಟ್ಟೆಗೆ ಬಂದು ಅವಳ ಮುಂದೆ ನಿಂತ.

“ಮಂಗಳಾ, ಇದು ನಮ್ಮ ಅಟ್ಟದ್ದು.”

“ಗೊತ್ತು.”

“ಗೊತ್ತಿದ್ದೂ ನಂಗೆ ಹೇಳ್ಲಿಲ್ವಾ ಮಾರಾಯ್ತಿ?”

“ಹೇಳಿದ್ದೆ. ನೀವು ಚೀಲದ ಮೇಲೆ ಟಾರ್ಪಾಲು ಹಾಸಿ ಬಂದ್ರಿ. ಧೂಳು ಮೇಲಕ್ಕೆ ಹೋಗುತ್ತೋ ಕೆಳಕ್ಕೆ ಬರುತ್ತೋ ಯೋಚ್ನೆ ಮಾಡ್ಲಿಲ್ಲ.” ಅವಳು ಮಾತು ನಿಲ್ಲಿಸಿ ಉಸಿರು ತೆಗೆದುಕೊಂಡಳು. “ಆಮೇಲೆ ಹೇಳ್ಲಿಲ್ಲ. ರೇಟು ಏರ್ಲಿ ಅಂತ ದಿನಾ ಬೆಳಿಗ್ಗೆ ಮೊಬೈಲ್ ನೋಡ್ತಿದ್ರಿ. ಆ ಮುಖ ನೋಡಿ ಹೇಳಕ್ಕೆ ಮನಸ್ಸಾಗ್ಲಿಲ್ಲ.”

ಅವನಿಗೆ ಅಳು ಬಂತು. ಪೇಟೆಬೀದಿಯಲ್ಲಿ ಜನ ಓಡಾಡುತ್ತಿದ್ದರು, ಮಗಳು ಬಾಗಿಲಲ್ಲಿ ನಿಂತಿದ್ದಳು, ಅವನು ಮುಖ ಮುಚ್ಚಿಕೊಳ್ಳಲೂ ಆಗದೆ ನಿಂತ. ಅಂಗೈಯಲ್ಲಿ ಮೆಣಸಿನ ಧೂಳು. ತಾನು ಕಾದದ್ದು ರೇಟಿಗೆ, ಬೆಲೆ ತೆತ್ತವಳು ಇವಳು ಎಂದು ತಿಳಿದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಲ್ಲೇ ನಿಂತು ಮೂಡಿಗೆರೆಯ ವ್ಯಾಪಾರಿ ರೇಣುಕಪ್ರಸಾದನಿಗೆ ಫೋನು ಮಾಡಿದ. ಅಟ್ಟದ ಬಾಳೂರು ಲಾಟು ಪೂರ್ತಿ ಎತ್ತಿಕೊಂಡು ಹೋಗು ಎಂದ. ಆ ಕಡೆಯಿಂದ ನಂಬಿಕೆ ಬರದೆ ಎರಡೆರಡು ಸಲ ಕೇಳಿದ್ದು ಸುತ್ತ ಇದ್ದವರಿಗೂ ಕೇಳಿಸಿತು. “ಮಲ್ಲಣ್ಣ, ರೇಟು ಈಗ ಬಿದ್ದಿದೆ. ಮುಂದಿನ ತಿಂಗಳು ಏರ್ಬಹುದು. ನೀವೇ ಯಾವಾಗ್ಲೂ ಹೇಳ್ತೀರಲ್ಲ.”

“ಏರ್ಲಿ ಬಿಡು. ಇವತ್ತೇ ಜೀಪು ಕಳ್ಸು.”

ಚೀಲ ಇಳಿಸುವಾಗ ಧೂಳೇಳುತ್ತದೆ, ಅದಕ್ಕೆ ಮೊದಲೇ ಸರ್ವಮಂಗಳಾ ಹೊರಡಲೇಬೇಕಿತ್ತು. ಅವನೇ ಅವಳ ಚೀಲವನ್ನು ಕಾರಿಗಿಟ್ಟ. ಯಾವಾಗ ಬರುತ್ತೀ ಎಂದು ಕೇಳುವ ಧೈರ್ಯವಾಗಲಿಲ್ಲ.

ಲಾಟು ಹೋಯಿತು. ಬರಿದಾದ ಅಟ್ಟಕ್ಕೆ ಮಲ್ಲಿಕಾರ್ಜುನಪ್ಪ ಏಣಿ ಹತ್ತಿದ, ಮೂಗಿಗೆ ಟವೆಲ್ಲು ಕಟ್ಟಿ, ಕೈಯಲ್ಲಿ ಆ ಮಷಿನ್ ಹಿಡಿದು. ಹುಟ್ಟಿದಾಗಿನಿಂದ ಒಂದು ಕಡ್ಡಿ ಎತ್ತಿ ಹೊರಗೆ ಹಾಕದವನು ಹಲಗೆ ಹಲಗೆಯ ಸಂದಿಗೂ ಪೈಪು ಹಿಡಿದ. ಕರೆಂಟು ಹೋದರೆ ಒದ್ದೆ ಬಟ್ಟೆ ಹಿಡಿದ. ಅಂಗಡಿಗೆ ಬಂದವರು ಒಳಗಿನ ಸದ್ದು ಕೇಳಿ, ಮಲ್ಲಣ್ಣ ಏನು ರೈಸ್‌ಮಿಲ್ ಹಾಕಿದ್ದೀರಾ ಎಂದು ಕಾಲೆಳೆದು ಹೋದರು. ಪ್ರತಿ ಸಲ ಡಬ್ಬಿ ತುಂಬಿದಾಗಲೂ ಒಂದು ಚಿಟಿಕೆ ಉಜ್ಜಿ, ಮೂಸಿ, ಸೀನಿ ನೋಡುತ್ತಿದ್ದ. ಬಾಳೂರು. ಮರುದಿನವೂ ಬಾಳೂರು. ತೊಳೆದ ನೆಲ, ಒರೆಸಿದ ಗೋಡೆ, ಬಿಸಿಲಿಗೆ ಹಾಕಿದ ಹಾಸಿಗೆ, ಎಲ್ಲದರಿಂದಲೂ ಆ ಹೊಗೆ ತೆಳ್ಳಗೆ ಬರುತ್ತಲೇ ಇತ್ತು.

ದಿನಾ ಫೋನು ಮಾಡುತ್ತಿದ್ದ. ಒಮ್ಮೆ ಅವಳು, “ಇಲ್ಲಿ ರಾತ್ರಿಯೆಲ್ಲ ಕಾಲು ಚಾಚಿ ಮಲಗ್ತೀನಿ ಕಣ್ರೀ. ಎಷ್ಟು ವರ್ಷ ಆಗಿತ್ತೋ,” ಎಂದಳು. ಅವನಿಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಅಲ್ಲಿ ಸುಖವಾಗಿದ್ದವಳು ಇಲ್ಲಿಗೆ ಯಾಕೆ ಬರಬೇಕು? ಫೋನಿಟ್ಟು ಬಸ್‌ಸ್ಟ್ಯಾಂಡಿನ ತನಕ ಹೋದ, ಚಿಕ್ಕಮಗಳೂರಿನ ಬಸ್ಸಿನಿಂದ ಇಳಿಯುವವರನ್ನು ನೋಡಿದ, ವಾಪಸ್ ಬಂದು ಮತ್ತೆ ಮಷಿನ್ ಹಾಕಿದ. ಚೀಟಿ ನೋಡಲಿಕ್ಕೆ ಅದನ್ನು ತಲೆಕೆಳಗು ಮಾಡುವುದು ಅವನಿಗೆ ಅಷ್ಟು ದಿನವೂ ನೆನಪಾಗಲಿಲ್ಲ.

ಒಂದು ಬೆಳಿಗ್ಗೆ ಪೂಜೆ ಮುಗಿಸಿ ಮಲಗುವ ಕೋಣೆಗೆ ಮಷಿನ್ ಹಾಕಿದ. ಡಬ್ಬಿಯ ತಳದಲ್ಲಿ ಚೂರು ಬೂದುಬಣ್ಣದ ಹಿಟ್ಟು ಕೂತಿತ್ತು. ಉಜ್ಜಿದ, ಮೂಸಿದ. ನೀರು ಕುಡಿದು ಬಂದು ಮತ್ತೆ ಮೂಸಿದ. ಅಂಗಳಕ್ಕೆ ಹೋಗಿ, ಚೆನ್ನಾಗಿ ಉಸಿರು ಬಿಟ್ಟು ಬಂದು, ಕಣ್ಣು ಗಟ್ಟಿಯಾಗಿ ಮುಚ್ಚಿ ಮೂರನೇ ಸಲ ಮೂಸಿದ. ಆಮೇಲೆ ಫೋನು ಹಚ್ಚಿದ.

“ಮಂಗಳಾ, ಇವತ್ತಿನ ಧೂಳು ಯಾವ ಊರಿಂದು ಅಂತ ನಂಗೆ ಗೊತ್ತಾಗ್ಲಿಲ್ಲ.”

ಫೋನಿನಲ್ಲಿ ಅವಳ ಉಸಿರು ಕೇಳುತ್ತಿತ್ತು, ಅದರಲ್ಲಿ ಶಿಳ್ಳೆ ಇರಲಿಲ್ಲ.

“ನಾಳೆ ಬೆಳಗಿನ ಬಸ್ಸಿಗೆ ಬರ್ತೀನಿ,” ಎಂದಳು. “ಬಸ್‌ಸ್ಟ್ಯಾಂಡಿಗೆ ಬನ್ನಿ, ಚೀಲ ಭಾರ ಇದೆ.”